ಹೋಗುವಾಗಿನ ಗಾಡಿಯಲ್ಲ, ಬರುವಾಗಿನ ಗಾಡಿ: ಡೆಂಪ್‌ಸ್ಟರ್ ದಾರಿಗೆ ಪಿಕಪ್ ತಯಾರಿ

ಜುಲೈ ಮೊದಲ ವಾರ. ಪಿಕಪ್‌ನ ಹಿಂದೆ ಮಂಡಿಯೂರಿ ಕೂತು, ಬಂಪರ್‌ನ ತೂತಿಗೆ ಕಂಬಿ ತೂರಿಸಿ ಸ್ಟೆಪ್ನಿ ಇಳಿಸಲು ನೋಡಿದೆ. ಕಂಬಿ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ತಿರುಗಿಸಿದೆ. ಒಳಗೆ ಏನೋ ಕಿರ್ ಎಂದಿತು, ಅಷ್ಟೇ. ಗಾಡಿಯ ಹೊಟ್ಟೆಯಡಿ ತೂಗುತ್ತಿದ್ದ ಟೈರು ಇದ್ದಲ್ಲೇ ಇತ್ತು.

ಅದು ಮನೆ ಮುಂದೆ ಗೊತ್ತಾಗಿದ್ದು ಒಳ್ಳೆಯದಾಯಿತು. ನಾನಿರುವುದು ಕೆನಡಾದ ಯೂಕಾನ್‌ನಲ್ಲಿ, ವೈಟ್‌ಹಾರ್ಸ್ ಊರಲ್ಲಿ. ಸೆಪ್ಟೆಂಬರಿನಲ್ಲಿ ಕೆಲಸದ ಜೊತೆಗಾರನೊಬ್ಬನ ಜೊತೆ ಡೆಂಪ್‌ಸ್ಟರ್ ಹೆದ್ದಾರಿಗೆ ಕ್ಯಾರಿಬೂ (ಇಲ್ಲಿನ ಹಿಮಸಾರಂಗ) ಬೇಟೆಗೆ ಹೋಗುವುದು ಅಂತ ಚಳಿಗಾಲದಲ್ಲೇ ಮಾತಾಗಿತ್ತು. ಈ ದಾರಿ ಡಾಸನ್ ಊರಿಗೆ ಇನ್ನೂ 40 ಕಿ.ಮೀ. ಇರುವಾಗ ಬಲಕ್ಕೆ ಒಡೆಯುತ್ತದೆ. ಅಲ್ಲಿಂದ ಇನುವಿಕ್ ಊರಿನವರೆಗೆ ಸುಮಾರು 736 ಕಿ.ಮೀ. ಬಹುತೇಕ ಅಷ್ಟೂ ಜಲ್ಲಿ ರಸ್ತೆ. 2017ರ ನವೆಂಬರಿನಲ್ಲಿ ಮುಂದಿನ ತುಂಡು ಕೂಡ ತೆರೆಯಿತು, ಈಗ ಗಾಡಿಯಲ್ಲೇ ಆರ್ಕ್ಟಿಕ್ ಸಮುದ್ರದ ದಡ ಮುಟ್ಟಬಹುದು. ನಮಗೆ ಅಷ್ಟು ದೂರ ಬೇಡ. ಆದರೆ ನಮಗೆ ಬೇಕಾದಷ್ಟು ದೂರದಲ್ಲೂ ಪೆಟ್ರೋಲು, ಪಂಕ್ಚರ್ ಅಂಗಡಿ ಅಂತ ಸಿಗುವುದು 369ನೇ ಕಿ.ಮೀ.ನ ಈಗಲ್ ಪ್ಲೇನ್ಸ್‌ನಲ್ಲಿ ಮಾತ್ರ. ನಡುವೆ ಮೊಬೈಲ್ ಸಿಗ್ನಲ್ ಇಲ್ಲ.

ಇಲ್ಲಿ ಡಾಂಬರು ಯಾಕಿಲ್ಲ ಅಂತ ಊರಿಂದ ಬಂದವರೆಲ್ಲ ಕೇಳುತ್ತಾರೆ. ನೆಲದಡಿ ವರ್ಷಪೂರ್ತಿ ಕರಗದ ಮಂಜುಗಡ್ಡೆ ಇದೆ. ಮೇಲಿನ ಪಾಚಿ ಕೆರೆದು ರಸ್ತೆ ಮಾಡಿದರೆ ಬಿಸಿಲಿಗೆ ಅದು ಕರಗಿ ರಸ್ತೆಯೇ ಕುಸಿಯುತ್ತದೆ. ಅದಕ್ಕೆ ನೆಲ ಕೆರೆಯದೆ, ಮೇಲೆ 1.2ರಿಂದ 2.4 ಮೀಟರ್ ದಪ್ಪ ಜಲ್ಲಿ ಸುರಿದಿದ್ದಾರೆ. ಜಲ್ಲಿ ಕಂಬಳಿ ಹೊದಿಸಿದ ಹಾಗೆ, ಕೆಳಗಿನ ಮಂಜು ತಣ್ಣಗೆ ಉಳಿಯುತ್ತದೆ. ಹಾಗಾಗಿ ರಸ್ತೆ ಸುತ್ತಲಿನ ನೆಲಕ್ಕಿಂತ ಎತ್ತರ, ಅಂಚು ಮೆತ್ತಗೆ. ಸುರಿದಿರುವುದೂ ನದಿಯ ದುಂಡು ಕಲ್ಲಲ್ಲ, ಎಷ್ಟೋ ಕಡೆ ಚೂಪು ಚೂಪಾದ ಪದರಗಲ್ಲು. ಟೈರಿನ ಪಕ್ಕೆಗೆ ಅದು ಚಾಕು ಇದ್ದಂತೆ. ಧೂಳು ಏಳದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಹಾಕುತ್ತಾರೆ. ಅದು ಗಾಳಿಯ ತೇವ ಹೀರಿಕೊಂಡು ರಸ್ತೆಯನ್ನು ಹಸಿಯಾಗಿಡುತ್ತದೆ. ಗಾಡಿಯ ಅಡಿ ಮೆತ್ತಿಕೊಂಡರೆ ಕಬ್ಬಿಣವನ್ನೂ ಹಸಿಯಾಗಿಡುತ್ತದೆ.

ನನ್ನ ಸ್ಟೆಪ್ನಿಗೆ ಆಗಿದ್ದೂ ಅದೇ.

ಮೂರು ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಮೂರನೇ ದಿನ ಕಂಬಿ ಅರ್ಧ ಸುತ್ತು ತಿರುಗಿತು, ಸರಪಳಿ ಮಾತ್ರ ಇಳಿಯಲಿಲ್ಲ. ಬೆಂಕಿ ತೋರಿಸುವ ಹಾಗಿಲ್ಲ, ಪೆಟ್ರೋಲ್ ಟ್ಯಾಂಕ್ ಒಂದು ಮೊಳ ದೂರದಲ್ಲಿದೆ. ಗ್ರೈಂಡರ್‌ನ ಕಿಡಿಯೂ ಬೇಡ ಅನ್ನಿಸಿತು. ಟೈರಿನ ಅಡಿಗೆ ಜಾಕಿ ಕೊಟ್ಟು, ಭಾರವೆಲ್ಲ ಅದರ ಮೇಲೆ ಕೂರಿಸಿ, ಅಂಗಾತ ಮಲಗಿ ಕೈಗರಗಸದಲ್ಲಿ ಸರಪಳಿಯ ಒಂದು ಕೊಂಡಿ ಕುಯ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಕೊಂಡಿ ಬಿಟ್ಟಾಗ ಟೈರು ಒಂದಿಂಚು ಕುಸಿದು ಜಾಕಿ ಮೇಲೆ ಕೂತಿತು. ಮುಖದ ಮೇಲೆ ಒಂದು ಹಿಡಿ ಒಣ ಮಣ್ಣು ಉದುರಿತು. ಕನ್ನಡಕ ಹಾಕದೆ ಗಾಡಿಯಡಿ ಮಲಗಬೇಡಿ.

ಸರಪಳಿ ಸುತ್ತುವ ಡಬ್ಬಿಯನ್ನು ಹಿಡಿದಿದ್ದು ಎರಡು ಬೋಲ್ಟು. ಒಂದು ಬಂತು, ಇನ್ನೊಂದರ ತಲೆ ತುಂಡಾಯಿತು. ಡ್ರಿಲ್ ಮಾಡಿ ತೆಗೆದೆ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಒಡೆದು ನೋಡಿದರೆ ಒಳಗಿನ ಹಲ್ಲುಚಕ್ರವೇ ಕಾಣಲಿಲ್ಲ. ಬೂದು ಬಣ್ಣದ ಗಟ್ಟಿ ಗಾರೆ ತುಂಬಿತ್ತು, ನುಣ್ಣನೆ ಜೇಡಿ ಮತ್ತು ಉಪ್ಪು ಸೇರಿ ಗಚ್ಚಾಗಿದ್ದು. ಸ್ಕ್ರೂಡ್ರೈವರ್ ತುದಿಯಿಂದ ಕೆತ್ತಿದರೆ ಹೆಂಚಿನ ಚೂರಿನ ಹಾಗೆ ಎದ್ದು ಬಂತು, ಅಡಿಯಲ್ಲಿ ಕಿತ್ತಳೆ ತುಕ್ಕು. ನಾಲ್ಕು ವರ್ಷ ಆ ಟೈರನ್ನು ನಾನು ಒಮ್ಮೆಯೂ ಇಳಿಸಿರಲಿಲ್ಲ. ಗಾಳಿ ಮಾತ್ರ ನೋಡುತ್ತಿದ್ದೆ.

ಹೊಸ ಡಬ್ಬಿ ತರಿಸಿದೆ. ಹಾಕುವ ಮುಂಚೆ ಸರಪಳಿಯನ್ನು ಪೂರ್ತಿ ಹೊರಗೆಳೆದು, ಉಣ್ಣೆಕೊಬ್ಬಿನ ತುಕ್ಕುನಿರೋಧಕ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿದೆ. ಸಾದಾ ಎಣ್ಣೆ ತೊಳೆದು ಹೋಗುತ್ತದೆ, ಇದು ಅಂಟಿಕೊಂಡಿರುತ್ತದೆ. ಬಂಪರ್‌ನ ತೂತಿಗೆ ರಬ್ಬರ್ ಬಿರಡೆ ಹಾಕಿದೆ. ಇನ್ನು ಮೂರು ತಿಂಗಳಿಗೊಮ್ಮೆ ಸ್ಟೆಪ್ನಿ ಇಳಿಸಿ ಏರಿಸುವುದು ಅಂತ ಗ್ಯಾರೇಜ್ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ.

ಆಮೇಲೆ ಹಿಂಬದಿ ಬೆಡ್‌ನ, ಅಂದರೆ ಸಾಮಾನು ಹಾಕುವ ತೊಟ್ಟಿಯ, ಕೆಲಸ. ಹಿಂದಿನ ವರ್ಷ ಬೇರೆಯವರ ಗಾಡಿಯಲ್ಲಿ ಇದೇ ದಾರಿಗೆ ಹೋಗಿದ್ದೆ. ಹೋಗುವಾಗ ಎಲ್ಲ ಚೆನ್ನಾಗಿ ಜೋಡಿಸಿದ್ದೆವು. ವಾಪಸ್ ಬರುವಾಗ ಮಳೆಯಲ್ಲಿ ಟೈರ್ ಹೋಯಿತು. ಜಾಕಿ ಎಲ್ಲಿ? ಮಾಂಸದ ಚೀಲಗಳ ಅಡಿಯಲ್ಲಿ. ಎರಡನೇ ಸ್ಟೆಪ್ನಿ? ಅದಕ್ಕಿಂತಲೂ ಕೆಳಗೆ. ಎರಡು ಪ್ರಾಣಿಗಳ ಮಾಂಸವನ್ನೆಲ್ಲ ಕೆಸರಿನ ಪಕ್ಕ ಟಾರ್ಪಾಲಿನ್ ಹಾಸಿ ಇಳಿಸಿದೆವು. ಆ ಪ್ರಾಣಿ ನಮಗೆ ಕೊಟ್ಟಿದ್ದನ್ನು ರಸ್ತೆ ಬದಿಯ ಕೆಸರಿಗೆ ಇಳಿಸಿದ್ದು ನನಗೆ ಇವತ್ತಿಗೂ ಬೇಜಾರು. ಅವತ್ತೇ ತೀರ್ಮಾನ ಮಾಡಿದೆ: ಬೆಡ್ ಕಟ್ಟುವುದು ಹೋಗುವ ಲೋಡಿಗಲ್ಲ, ಬರುವ ಲೋಡಿಗೆ. ಮಾಂಸದ ಒಂದು ಚೀಲವನ್ನೂ ಅಲ್ಲಾಡಿಸದೆ ಜಾಕಿ, ಪಾನಾ, ಟೈರು ಮೂರೂ ಕೈಗೆ ಬರಬೇಕು.

ನನ್ನ ಬೆಡ್ ಉದ್ದ 185 ಸೆಂ.ಮೀ., ಚಕ್ರದ ಗುಬ್ಬಿಗಳ ನಡುವೆ ಅಗಲ 105. ಟೈರ್ 265/70 ಆರ್ 16, ಅಂದರೆ ವ್ಯಾಸ ಸುಮಾರು 78 ಸೆಂ.ಮೀ., ದಪ್ಪ 27. ಇದನ್ನೇ ಅಳತೆಗೋಲು ಮಾಡಿಕೊಂಡೆ. ಬೆಡ್‌ನ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಒಂದು ಅಟ್ಟ. ಅಟ್ಟದಡಿ, ಹಿಂಬಾಗಿಲ ಪಕ್ಕದಲ್ಲೇ, ಎರಡನೇ ಸ್ಟೆಪ್ನಿ ಮಲಗಿರುತ್ತದೆ. ಟೈರಿನ ಅಡಿ 12 ಮಿ.ಮೀ. ಪ್ಲೈವುಡ್ ಹಲಗೆ, ಹಲಗೆಯ ಮುಂದಿನ ಅಂಚಿಗೆ ಹಗ್ಗದ ಕುಣಿಕೆ. ಹಲಗೆಯ ಅಡಿಗೆ ಮೇಣ ತಿಕ್ಕಿದ್ದೇನೆ. ಬಾಗಿಲು ತೆಗೆದು ಕುಣಿಕೆ ಎಳೆದರೆ ಟೈರು ಜಾರಿ ಬರುತ್ತದೆ. ಪಕ್ಕದಲ್ಲಿ ಉಳಿದ ಸಣ್ಣ ಗೂಡಿನಲ್ಲಿ ಜಾಕಿ, ಪಾನಾ, ಗಾಳಿ ಪಂಪು, ಪಂಕ್ಚರ್ ಸಾಮಾನು. ಇನ್ನೂ ಒಳಗಿನ ಜಾಗ ಕೈಗೆ ಸಿಗುವುದಿಲ್ಲ. ಅಲ್ಲಿಗೆ ಸೌದೆ ಮತ್ತು ನೀರಿನ ಕ್ಯಾನ್ ತಳ್ಳಿದೆ. ಬೇಟೆ ಸಿಗುವ ಮುಂಚೆ ಅವು ಬೇಕು. ಅಟ್ಟದ ಮೇಲೆ ಮಾಂಸ ಬರುವ ಹೊತ್ತಿಗೆ ಅವು ಖಾಲಿ.

ಅಟ್ಟದ ಮೇಲ್ಮೈಗೆ ಪ್ಲೈವುಡ್ ಹಾಕಲಿಲ್ಲ. 9 ಸೆಂ.ಮೀ. ಅಗಲದ ಸ್ಪ್ರೂಸ್ ರೀಪುಗಳನ್ನು ಎರಡೂವರೆ ಸೆಂ.ಮೀ. ಸಂದು ಬಿಟ್ಟು ಬಡಿದೆ. ಕಡಿದ ಮಾಂಸಕ್ಕೆ ಬೇಕಾದ್ದು ಮೂರು: ತಂಪು, ಒಣ, ಗಾಳಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ರಾಶಿ ಹಾಕಿದರೆ ನಡುವಿನ ಬಿಸಿ ಹೊರಗೆ ಹೋಗುವುದಿಲ್ಲ, ಹೊರಗೆ ಸೊನ್ನೆ ಡಿಗ್ರಿ ಇದ್ದರೂ ಒಳಗೆ ಕೆಡುತ್ತದೆ. ಹತ್ತಿ ಚೀಲದಲ್ಲಿ ಹಾಕಿ ರೀಪಿನ ಮೇಲೆ ಬಿಡಿಬಿಡಿಯಾಗಿ ಇಟ್ಟರೆ ಅಡಿಯಿಂದಲೂ ಗಾಳಿ ಆಡುತ್ತದೆ. ಇನ್ನೊಂದು ವಿಷಯ ಹೆಚ್ಚು ಜನ ನೋಡುವುದಿಲ್ಲ. ಒಂದು ಗಂಟೆ ಓಡಿಸಿ ಬಂದು ಬೆಡ್‌ನ ನೆಲಕ್ಕೆ ಅಂಗೈ ಒತ್ತಿ ನೋಡಿ. ಸೈಲೆನ್ಸರ್ ಹಾಯುವ ಕಡೆ ಬೆಚ್ಚಗಿರುತ್ತದೆ. ನನ್ನ ಗಾಡಿಯಲ್ಲಿ ಅದು ಬಲಗಡೆ. ಅಟ್ಟ ಮೇಲೆತ್ತಿರುವುದರಿಂದ ಆ ಕಾವು ಮಾಂಸಕ್ಕೆ ಮುಟ್ಟುವುದಿಲ್ಲ. ರೀಪುಗಳಿಗೆ ಅಗಸೆ ಎಣ್ಣೆ ಎರಡು ಸಲ ಬಳಿದು, ಸ್ಕ್ರೂ ಬಿಚ್ಚಿ ತೊಳೆಯುವ ಹಾಗೆ ಇಟ್ಟೆ.

ಬೆಡ್ ಮೇಲೆ ಫೈಬರ್ ಟೊಪ್ಪಿ ಇದೆ. ಅದರಿಂದ ಮಳೆ ತಡೆಯುತ್ತದೆ, ಧೂಳು ತಡೆಯುವುದಿಲ್ಲ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ. ತನ್ನದೇ ಚಕ್ರ ಎಬ್ಬಿಸಿದ ಧೂಳನ್ನು ಹಿಂಬಾಗಿಲ ಸಂದಿನಿಂದ ಗಾಡಿಯೇ ಒಳಗೆ ಹೀರಿಕೊಳ್ಳುತ್ತದೆ. ಎಲ್ಲಿಂದ ಬರುತ್ತಿದೆ ಅಂತ ಕಂಡುಹಿಡಿಯಲು ಅಟ್ಟದ ಮೇಲೆ ಹಳೇ ಬಿಳಿ ಪಂಚೆಯೊಂದನ್ನು ಹಾಸಿ, ಊರ ಹೊರಗಿನ ಜಲ್ಲಿ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿದೆ. ತೆಗೆದು ನೋಡಿದರೆ ಪಂಚೆಯ ಎಡ ಮೂಲೆಯಲ್ಲಿ ಬೀಸಣಿಗೆ ಬಿಡಿಸಿದ ಹಾಗೆ ಕಂದು ಗುರುತು. ಬಲ ಅಂಚಿನಲ್ಲಿ ತೆಳುವಾದ ಗೆರೆ. ರಾತ್ರಿ ಟೊಪ್ಪಿಯೊಳಗೆ ಟಾರ್ಚ್ ಉರಿಸಿಟ್ಟು ಹೊರಗೆ ನಿಂತು ನೋಡಿದೆ. ಹಿಂಬಾಗಿಲ ಎಡ ಕೆಳಮೂಲೆಯಲ್ಲಿ ಕಿರುಬೆರಳಷ್ಟು ಬೆಳಕು. ಅಲ್ಲಿಗೆಲ್ಲ ಫೋಮ್ ಪಟ್ಟಿ ಅಂಟಿಸಿದೆ, ಕೀಲಿನ ಕಡೆ ರಬ್ಬರ್ ನಾಲಿಗೆ. ಟೊಪ್ಪಿಯ ಮೇಲಿನ ಕಿಂಡಿಯನ್ನು ಮುಂದಕ್ಕೆ ಮುಖ ಮಾಡಿ ತೆರೆದು ಬಟ್ಟೆ ಕಟ್ಟಿದೆ. ಆ ಎತ್ತರದಲ್ಲಿ ಧೂಳು ಕಮ್ಮಿ. ಅಲ್ಲಿಂದ ನುಗ್ಗುವ ಗಾಳಿ ಒಳಗೆ ಒತ್ತಡ ತುಂಬುತ್ತದೆ, ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ, ಧೂಳು ಒಳಗೆ ಬರುವುದಿಲ್ಲ. ಮೂರನೇ ಓಟದಲ್ಲಿ ಪಂಚೆ ಬೆಳ್ಳಗೇ ಬಂತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಟೈರ್ ನಾಲ್ಕೂ ಹೊಸದು, ಹತ್ತು ಪ್ಲೈ, ಅಂದರೆ ಭಾರ ತಾಳುವ ಗಟ್ಟಿ ಜಾತಿ. ಸ್ಟೆಪ್ನಿ ಎರಡೂ ಅದೇ ಅಳತೆಯವು, ರಿಮ್ ಸಮೇತ. ತೂತು ಬಿದ್ದರೆ ಪ್ಲಗ್ ಹಾಕಬಹುದು, ಪಕ್ಕೆ ಹರಿದರೆ ಏನೂ ಮಾಡಲಾಗದು. ಅದಕ್ಕೇ ಎರಡು. ಪ್ಲಗ್ ಹಾಕುವುದನ್ನು ಮನೆಯಲ್ಲೇ ಕಲಿಯಬೇಕು. ಹಳೇ ಟೈರಿಗೆ ಡ್ರಿಲ್‌ನಲ್ಲಿ ಐದು ತೂತು ಮಾಡಿ, ಗ್ಲೌಸ್ ಹಾಕಿಕೊಂಡೇ ಐದಕ್ಕೂ ಪ್ಲಗ್ ಹಾಕಿದೆ. ಮೊದಲನೆಯದಕ್ಕೆ ಕಾಲು ಗಂಟೆ, ಕೊನೆಯದಕ್ಕೆ ನಾಲ್ಕು ನಿಮಿಷ. ಜಾಕಿಯ ಅಡಿಗೆ 40 ಸೆಂ.ಮೀ. ಚೌಕದ ಹಲಗೆ ಬೇಕೇ ಬೇಕು, 18 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿದೆ. ಇಲ್ಲದಿದ್ದರೆ ಮೆತ್ತಗಿನ ಅಂಚಿನಲ್ಲಿ ಗಾಡಿ ಮೇಲೇಳುವ ಬದಲು ಜಾಕಿ ಕೆಳಗಿಳಿಯುತ್ತದೆ. ಚಕ್ರದ ನಟ್ಟಿಗೆ ನನ್ನ ಗಾಡಿಯ ಪುಸ್ತಕ ಹೇಳುವ ಬಿಗಿ 113 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಜೊತೆಗೇ ಇರುತ್ತದೆ.

ಪೆಟ್ರೋಲ್ ಲೆಕ್ಕ ಸುಲಭ. ಟ್ಯಾಂಕ್ 80 ಲೀಟರ್. ಲೋಡ್ ಹಾಕಿ ಜಲ್ಲಿಯಲ್ಲಿ ಓಡಿಸಿದರೆ 100 ಕಿ.ಮೀ.ಗೆ 14 ಲೀಟರ್ ಹಿಡಿಯಿರಿ, ಅಂದರೆ 570 ಕಿ.ಮೀ. ಡಾಸನ್‌ನಿಂದ ಈಗಲ್ ಪ್ಲೇನ್ಸ್‌ಗೆ ಸುಮಾರು 410. ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಬೇಟೆಯಲ್ಲಿ ಹಿಂದೆ ಮುಂದೆ ಓಡಾಟ ಜಾಸ್ತಿ, ರಾತ್ರಿ ಚಳಿಗೆ ಎಂಜಿನ್ ಹಾಕಿ ಕೂರುವುದೂ ಉಂಟು. 20 ಲೀಟರಿನ ಎರಡು ಕ್ಯಾನ್ ತಗೊಂಡೆ. ಟೊಪ್ಪಿಯೊಳಗೆ ಇಟ್ಟರೆ ವಾಸನೆ ಮಾಂಸಕ್ಕೆ ಹತ್ತುತ್ತದೆ. ಮೇಲಿನ ಕ್ಯಾರಿಯರ್‌ಗೆ ಕಟ್ಟಿ, ಟ್ಯಾಂಕಿನಲ್ಲಿ ಜಾಗ ಆದ ಕೂಡಲೇ ಸುರಿದುಬಿಡುವುದು. ತಲೆಯ ಮೇಲಿನ ಭಾರವೂ ಇಳಿಯುತ್ತದೆ.

ಕಾಗದ ಪತ್ರದ ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಅಪರಾಧ, ನಾನೂ ಹಾಗೇ ಬೆಳೆದವನು. ಇಲ್ಲಿ ಅದು ಚಳಿಗಾಲದ ಊಟ, ಕಟ್ಟುನಿಟ್ಟಾದ ಲೆಕ್ಕದೊಳಗೆ. ಬಂದೂಕಿಗೆ ಕೆನಡಾದ ಸುರಕ್ಷತಾ ಕೋರ್ಸ್ ಪಾಸಾಗಿ ಪರವಾನಗಿ ಪಡೆಯಬೇಕು. ಯೂಕಾನ್‌ನಲ್ಲಿ ಒಂದು ವರ್ಷ ನೆಲೆಸಿದ ಮೇಲೆ ನಿವಾಸಿಯ ಬೇಟೆ ಪರವಾನಗಿ. ಹೊರಗಿನವರು ಗೈಡ್ ಇಲ್ಲದೆ ದೊಡ್ಡ ಪ್ರಾಣಿಯ ಬೇಟೆಗೆ ಇಳಿಯುವ ಹಾಗಿಲ್ಲ. ರಸ್ತೆಯ ಮೇಲಿಂದ, ರಸ್ತೆಗೆ ಅಡ್ಡಲಾಗಿ ಗುಂಡು ಹಾರಿಸುವಂತಿಲ್ಲ. ಗಾಡಿಯಲ್ಲಿ ಬಂದೂಕು ಖಾಲಿಯಾಗಿರಬೇಕು. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ವಲಯದ ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಪುಸ್ತಕ ಡ್ಯಾಶ್‌ಬೋರ್ಡ್‌ನಲ್ಲೇ ಇಟ್ಟೆ. ಬಂದೂಕನ್ನು 200 ಮೀಟರಿಗೆ ಗುರಿ ಕೂರಿಸಿ, ಹಿಂದಿನ ಸೀಟಿನ ಅಡಿ ಬೀಗದ ಪೆಟ್ಟಿಗೆ ಮಾಡಿದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಕಡ್ಲೆಬೀಜ ಜಾಸ್ತಿ ತಗೊಂಡೆ. ಸ್ಟವ್ ಹತ್ತದಿದ್ದರೂ ಹೊಟ್ಟೆ ತುಂಬುತ್ತದೆ. ಆರು ದಿನದ ಪ್ರಯಾಣಕ್ಕೆ ಹತ್ತು ದಿನದ ಊಟ. ಈ ರಸ್ತೆಗೆ ಡೆಂಪ್‌ಸ್ಟರ್ ಅಂತ ಹೆಸರು ಬಂದ ಕಥೆ ಗೊತ್ತಿದ್ದವರು ಊಟದಲ್ಲಿ ಕೈ ಬಿಗಿ ಹಿಡಿಯುವುದಿಲ್ಲ. 1910ರ ಡಿಸೆಂಬರಿನಲ್ಲಿ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್‌ಗೆ ಫಿಟ್ಜೆರಾಲ್ಡ್ ಎಂಬ ಪೊಲೀಸ್ ಅಧಿಕಾರಿಯ ತಂಡ ನಾಯಿಬಂಡಿಯಲ್ಲಿ ಹೊರಟಿತು. ಬೇಗ ತಲುಪಬೇಕು ಅಂತ ಸಾಮಾನು ಹಗುರ ಮಾಡಿಕೊಂಡಿದ್ದರು. ದಾರಿ ತಪ್ಪಿತು, ವಾಪಸ್ ತಿರುಗಿದರು, ನಾಲ್ವರೂ ತೀರಿಕೊಂಡರು. 1911ರ ಮಾರ್ಚಿನಲ್ಲಿ ಅವರನ್ನು ಹುಡುಕಿ ಹೋಗಿ ಕಂಡವರು ಡಬ್ಲ್ಯೂ. ಜೆ. ಡಿ. ಡೆಂಪ್‌ಸ್ಟರ್. ಫಿಟ್ಜೆರಾಲ್ಡ್ ತಂಡವೂ ಕಷ್ಟಪಟ್ಟಿದ್ದು ವಾಪಸ್ ಬರುವ ದಾರಿಯಲ್ಲೇ.

ಸೆಪ್ಟೆಂಬರ್ ಎರಡನೇ ವಾರ ಹೊರಟೆವು. ಇನ್ನೂ ತಡ ಮಾಡಿದರೆ ಗಂಡು ಕ್ಯಾರಿಬೂ ಬೆದೆಗೆ ಬಂದು ಮಾಂಸಕ್ಕೆ ಕಟು ವಾಸನೆ ಬರುತ್ತದೆ. ಟೂಂಬ್‌ಸ್ಟೋನ್ ಬೆಟ್ಟಗಳ ಹತ್ತಿರ ನೆಲವೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿತ್ತು. ಟೈರ್ ಗಾಳಿ ಸ್ವಲ್ಪ ಇಳಿಸಿ, 60ರ ಮೇಲೆ ಹೋಗದೆ ನಡೆಸಿದೆವು. 405ನೇ ಕಿ.ಮೀ.ನಲ್ಲಿ ಆರ್ಕ್ಟಿಕ್ ವೃತ್ತ. ಅದರಾಚೆ ಎರಡನೇ ಬೆಳಿಗ್ಗೆ ಹಿಂಡು ಕಂಡಿತು, ನಲವತ್ತು ಐವತ್ತು ಇದ್ದವು. ಇವು ಪೋರ್ಕ್ಯುಪೈನ್ ಎಂಬ ದೊಡ್ಡ ಹಿಂಡಿನವು, ಅದು 2017ರ ಎಣಿಕೆಯಲ್ಲಿ 2,18,000 ಇತ್ತು. ಇಲ್ಲಿನ ಮೂಲನಿವಾಸಿಗಳಾದ ಗ್ವಿಚಿನ್ ಜನರ ಬದುಕು ತಲೆತಲಾಂತರದಿಂದ ಇದರ ಮೇಲೆ ನಿಂತಿದೆ. ಮುಂದಾಳು ಪ್ರಾಣಿಗಳನ್ನು ಹೋಗಲು ಬಿಡಿ, ಆಗ ಹಿಂದಿನವು ಅದೇ ದಾರಿಯಲ್ಲಿ ಬರುತ್ತವೆ ಅಂತ ಹಿರಿಯರು ಹೇಳುತ್ತಾರೆ. ನಾವು ಬಂದೂಕು ಮುಟ್ಟದೆ ಕೂತೆವು. ಅವು ದಾಟುವಾಗ ಕಾಲಿನ ಗಿಣ್ಣಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ, ಗಾಳಿ ನಿಂತಾಗ ಸ್ಪಷ್ಟವಾಗಿ ಕೇಳಿತು.

ಮಾರನೇ ಮಧ್ಯಾಹ್ನ ರಸ್ತೆಯಿಂದ ಒಂದೂವರೆ ಕಿ.ಮೀ. ಒಳಗೆ ಜೊತೆಗಾರ ಒಂದು ಗಂಡನ್ನು ಹೊಡೆದ. ಕ್ಯಾರಿಬೂನಲ್ಲಿ ಹೆಣ್ಣಿಗೂ ಕೊಂಬಿರುತ್ತದೆ, ಅದಕ್ಕೆ ದುರ್ಬೀನಿನಲ್ಲಿ ಹತ್ತು ನಿಮಿಷ ನೋಡಿ ಖಚಿತ ಮಾಡಿಕೊಂಡೇ ಗುಂಡು. ಪ್ರಾಣಿಯ ಹತ್ತಿರ ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನಿಂತೆವು. ಹುಲ್ಲಿನ ಗುಪ್ಪೆಗಳ ಮೇಲೆ ಕಾಲು ಹೊರಳಿಸುತ್ತ ಮಾಂಸ ಹೊತ್ತು ತರಲು ಕತ್ತಲಾಯಿತು. ಒಬ್ಬ ಹೊತ್ತರೆ ಇನ್ನೊಬ್ಬ ಕರಡಿ ಬರುತ್ತದಾ ಅಂತ ಕಣ್ಣಿಟ್ಟಿದ್ದ. ಸುಮಾರು 50 ಕೆಜಿ. ಅಟ್ಟದ ಮೇಲೆ ಹನ್ನೊಂದು ಚೀಲ, ಒಂದಕ್ಕೊಂದು ತಾಗದ ಹಾಗೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಹೊರಪದರ ಒಣಗಿ ಕಾಗದದ ಹಾಗಾಗಿತ್ತು, ಒಳಗೆ ತಣ್ಣಗೆ. ಒಂದೇ ಪ್ರಾಣಿ ಸಾಕು ಅಂತ ತಿರುಗಿದೆವು.

ಓಗಿಲ್ವಿ ನದಿಯ ಕಡೆ ಇಳಿಯುವಾಗ ಹಿಂದಿನ ಬಲ ಟೈರ್ ಹೋಯಿತು. ಪಕ್ಕೆಯಲ್ಲಿ ಹೆಬ್ಬೆರಳಷ್ಟು ಸೀಳು. ಆಲಿಕಲ್ಲಿನಂಥ ಮಳೆ, ಬೆರಳು ಮರಗಟ್ಟುವ ಗಾಳಿ. ಹಿಂಬಾಗಿಲು ತೆಗೆದೆ, ಹಲಗೆ ಎಳೆದೆ, ಟೈರು ಜಾರಿ ಬಂತು. ಮೇಲಿನ ಹನ್ನೊಂದು ಚೀಲಗಳಲ್ಲಿ ಒಂದೂ ಕದಲಲಿಲ್ಲ. ಜಾಕಿ ತನ್ನ ಹಲಗೆಯ ಮೇಲೆ ಗಟ್ಟಿಯಾಗಿ ನಿಂತಿತು. ಜೊತೆಗಾರ ಗಡಿಯಾರ ನೋಡಿದ್ದ, ಇಪ್ಪತ್ತೆರಡು ನಿಮಿಷ. ಐವತ್ತು ಕಿ.ಮೀ. ಹೋದ ಮೇಲೆ ನಿಲ್ಲಿಸಿ ನಟ್ಟಿಗೆ ಇನ್ನೊಮ್ಮೆ ಟಾರ್ಕ್ ಪಾನಾ ಹಾಕಿದೆ, ಎರಡು ನಟ್ಟು ಸ್ವಲ್ಪ ತಿರುಗಿದವು. ಹೊಟ್ಟೆಯಡಿಯ ಸ್ಟೆಪ್ನಿ ಬೇಕಾಗಲೇ ಇಲ್ಲ. ಡಾಸನ್‌ನಲ್ಲಿ ಗಾಡಿಯ ಅಡಿ ಪೂರ್ತಿ ತೊಳೆದು ಮುಂದೆ ಹೊರಟೆವು.

ಅಕ್ಟೋಬರಿನಲ್ಲಿ ಕ್ಯಾಲೆಂಡರ್ ಪ್ರಕಾರ ಆ ಸ್ಟೆಪ್ನಿ ಇಳಿಸಿದೆ. ಸರಪಳಿ ಎಣ್ಣೆಯ ಹೊಳಪಿನಲ್ಲೇ ಬಂತು. ಬಿರಡೆಯ ಅಂಚಿನಲ್ಲಿ ಮಾತ್ರ ಸ್ವಲ್ಪ ಬೂದು ಮಣ್ಣು. ರೀಪುಗಳಲ್ಲಿ ಒಂದು ಗಂಟಿನ ಹತ್ತಿರ ಸೀಳಿದೆ, ಬದಲಿಸಬೇಕು. ತಪ್ಪು ಅಂತ ಕಂಡಿದ್ದು ಹಲಗೆಯ ಹಗ್ಗದ ಕುಣಿಕೆ. ಒದ್ದೆಯಾಗಿ ರಾತ್ರಿ ಹೆಪ್ಪುಗಟ್ಟಿ ಕೋಲಿನಂತಾಗಿತ್ತು, ಗ್ಲೌಸ್ ಹಾಕಿದ ಬೆರಳು ಅದರೊಳಗೆ ತೂರಲಿಲ್ಲ. ಆ ಇಪ್ಪತ್ತೆರಡು ನಿಮಿಷದಲ್ಲಿ ಮೂರು ನಿಮಿಷ ಅಲ್ಲೇ ಹೋಯಿತು. ಈಗ ಹಳೇ ಸೀಟ್ ಬೆಲ್ಟಿನ ತುಂಡು ತಂದು, ಇಡೀ ಮುಷ್ಟಿ ಹೋಗುವಷ್ಟು ದೊಡ್ಡ ಕುಣಿಕೆ ಹೊಲಿದು, ಎರಡು ಬೋಲ್ಟು ಹಾಕಿ ಬಿಗಿದಿದ್ದೇನೆ. ಡಿಸೆಂಬರಿನಲ್ಲಿ ಮೈನಸ್ 30 ಆದ ದಿನ ನೀರು ಸುರಿದು, ರಾತ್ರಿಯಿಡೀ ಹೊರಗೆ ಬಿಟ್ಟು, ಬೆಳಿಗ್ಗೆ ಎಳೆದು ನೋಡುವುದು ಬಾಕಿ ಇದೆ.